ಅಡಿಗಲ್ಲಿನ ಮೂರು ಅಂಕಿ

ಕೆಂಪಗೆ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಏಳುವ ವಾಸನೆಯನ್ನು ನೀವು ಈಚೆಗೆ ಎಂದಾದರೂ ಮೂಸಿದ್ದೀರಾ? ಮೊದಲು ಸುಟ್ಟ ಮಣ್ಣಿನ ಹಾಗೆ, ಆಮೇಲೆ ಒದ್ದೆ ಬೂದಿಯ ಹಾಗೆ, ಕೊನೆಗೆ ನಾಲಿಗೆಯ ಬುಡದಲ್ಲಿ ಉಳಿಯುವ ಒಂದು ಒಗರು. ಹೋದ ಬೇಸಿಗೆಯಲ್ಲಿ ನರಗುಂದದ ಬಸ್ ಸ್ಟ್ಯಾಂಡಿನ ಹಿಂದೆ, ಡೇರೆ ಹಾಕಿಕೊಂಡಿದ್ದ ಅಲೆಮಾರಿ ಹೆಂಗಸೊಬ್ಬಳು ಹೊಸದಾಗಿ ಬಡಿದ ಕೊಡಲಿಯನ್ನು ಬಕೆಟ್ಟಿಗೆ ಅದ್ದಿದಳು. ಚುರ್ ಎಂದಿತು. ಆ ಹಬೆ ನನ್ನ ಮುಖಕ್ಕೆ ಬಡಿಯಿತು. ರೋಣದ ಬಸ್ಸು ನನ್ನ ಕಣ್ಣೆದುರಿಗೇ ಹೊರಟುಹೋದರೂ ನಾನು ಹತ್ತಲಿಲ್ಲ. ಅರವತ್ತು ದಾಟಿದ ಹೆಂಗಸು, ನಿವೃತ್ತಿಯಾದ ಲೆಕ್ಕದ ಟೀಚರು, ಕೈಯಲ್ಲಿ ತರಕಾರಿ ಚೀಲ ಹಿಡಿದು ಬೀದಿಯಲ್ಲಿ ನಿಂತು ಬಕೆಟ್ಟಿನ ನೀರು ನೋಡುತ್ತಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಆ ಹೆಂಗಸಿಗೂ ಬಂತು. ಕೊಡಲಿಯನ್ನು ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ನನಗೆ ಸಿಟ್ಟು ಬರಲಿಲ್ಲ. ನಮ್ಮ ಮುತ್ಯಾನೂ ಹಾಗೇ ಮಾಡುತ್ತಿದ್ದ.

ಮುತ್ಯಾ ಅಂದರೆ ನಮ್ಮ ಅಪ್ಪನ ಅಪ್ಪ. ಜಕ್ಕಲಿಯಲ್ಲಿ ನಮ್ಮದು ಕಂಬಾರರ ಮನೆ. ಮುಂದೆ ಕುಲುಮೆ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ಮನೆಯಲ್ಲಿ ಮುತ್ಯಾ, ಅಮ್ಮ ಎಂದು ನಾನು ಕರೆಯುತ್ತಿದ್ದ ಅಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಕಳಕಪ್ಪ ಕಾಕಾ, ಮತ್ತೆ ನಾನು. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದೂ ಕುಡಗೋಲು ಬಡಿಯುವ ಸದ್ದೂ ಒಟ್ಟಿಗೇ ಶುರುವಾಗುತ್ತಿದ್ದವು. ಹಾಸಿಗೆಯಲ್ಲಿ ಮಲಗಿಕೊಂಡೇ ಯಾವುದು ಅವ್ವನ ಕೈ, ಯಾವುದು ಕಾಕಾನ ಕೈ ಎಂದು ಹೇಳುತ್ತಿದ್ದೆ. ಮುತ್ಯಾ ಒಳ್ಳೆಯ ಕೆಲಸಗಾರ, ಆದರೆ ಲೋಕದಲ್ಲಿ ಯಾರನ್ನೂ ನಂಬದವ. ರೈತರು ತಂದ ಕುಂಟೆಯ ಕುಡವನ್ನು, ಅಂದರೆ ಅದರ ಅಲಗನ್ನು, ತಿರುಗಿಸಿ ತಿರುಗಿಸಿ ನೋಡಿ, ‘ಇದು ನಾ ಮಾಡಿದ್ದಲ್ಲ, ಬದಲಿ ಆಗೈತಿ’ ಎನ್ನುತ್ತಿದ್ದ. ಯಾರೂ ಬದಲಿಸದಿರಲೆಂದು ಮನೆಯ ಎಲ್ಲ ಸಾಮಾನಿನ ಮೇಲೂ ಉಳಿಯಿಂದ ಮೂರು ಗೀರು ಹಾಕಿದ್ದ. ಇಕ್ಕಳ, ಸುತ್ತಿಗೆ, ಅಮ್ಮನ ರೊಟ್ಟಿ ಹಂಚು, ಹಿತ್ತಾಳೆ ಚರಿಗೆ ಕೂಡ. ‘ನನ್ನ ಬೆನ್ನ ಮ್ಯಾಲೂ ಹೊಡದಬಿಡ್ರಿ ಮೂರು ಗೀರು’ ಎಂದು ಅಮ್ಮ ಒಮ್ಮೆ ನಕ್ಕಿದ್ದಳು. ಮುತ್ಯಾ ನಗಲಿಲ್ಲ.

ಗೀರು ಹಾಕದೆ ಬಿಟ್ಟಿದ್ದ ಒಂದೇ ಒಂದು ಸಾಮಾನು ಅಡಿಗಲ್ಲು. ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಆ ಕಬ್ಬಿಣದ ದಿಂಡಿಗೆ ನಮ್ಮ ಕಡೆ ಕಲ್ಲು ಎಂದೇ ಹೆಸರು. ಸುತ್ತಲಿನ ಊರುಗಳ ಕುಲುಮೆಗಳಲ್ಲಿ ನೆಲದಲ್ಲಿ ಹುಗಿದ ಚೌಕ ತುಂಡುಗಳಿದ್ದರೆ ನಮ್ಮದು ಹುಣಸೆಯ ಬೊಡ್ಡೆಯ ಮೇಲೆ ಎದ್ದು ನಿಂತ, ಒಂದು ಕಡೆ ಕೋಡು ಚಾಚಿದ, ನಡು ಸಣ್ಣಗಿದ್ದ ಭಾರಿ ಅಡಿಗಲ್ಲು. ಸುತ್ತಿಗೆ ಬಿದ್ದರೆ ಗುಡಿಯ ಗಂಟೆಯ ಹಾಗೆ ಝೇಂ ಎನ್ನುತ್ತಿತ್ತು. ಅದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಮುತ್ಯಾನ ಮುಖ ಬಿಗಿಯುತ್ತಿತ್ತು. ‘ನಮ್ಮಪ್ಪ ನರಗುಂದದಾಗಿಂದ ಬಂಡಿ ಮ್ಯಾಲ ತಂದಾನ’ ಎನ್ನುವುದರ ಮುಂದೆ ಒಂದು ಮಾತಿಲ್ಲ. ಊರಿನಲ್ಲಿ ಬೇರೆ ಮಾತಿತ್ತು. ಮುತ್ಯಾನ ಅಪ್ಪ ಹುಡುಗನಿದ್ದಾಗ ರೈಲು ಹಳಿಯ ಕೆಲಸಕ್ಕೆ ಹೋಗಿದ್ದನಂತೆ, ಅಲ್ಲಿಂದಲೇ ಇದನ್ನು ಹೊಡೆದುಕೊಂಡು ಬಂದನಂತೆ. ಈ ಮಾತು ಅಮ್ಮನ ಕಿವಿಗೆ ಅವಳು ಮದುವೆಯಾಗಿ ಬಂದ ವರ್ಷವೇ ಬಿದ್ದಿತ್ತು. ಮುತ್ಯಾನಿಗೂ ತನ್ನ ಅಪ್ಪನ ಮೇಲೆ ಒಳಗೊಳಗೇ ಅನುಮಾನ ಇತ್ತೆಂದು ಈಗ ನನಗೆ ಅನ್ನಿಸುತ್ತದೆ. ಇಲ್ಲದಿದ್ದರೆ ಅಷ್ಟು ಸಿಟ್ಟು ಯಾಕೆ ಬರಬೇಕಿತ್ತು?

ನಾನು ಮೂರನೆಯ ಇಯತ್ತೆಯಲ್ಲಿದ್ದ ವರ್ಷ, ಖಂಡೇನವಮಿಯ ಪೂಜೆಗೆ ಅಡಿಗಲ್ಲು ತಿಕ್ಕುವ ಕೆಲಸವನ್ನು ಕಾಕಾ ನನಗೆ ಕೊಟ್ಟ. ಇಟ್ಟಿಗೆ ಪುಡಿ, ಬೂದಿ, ಹುಣಸೆ ಹುಳಿ ಹಚ್ಚಿ ಮಧ್ಯಾಹ್ನವೆಲ್ಲ ತಿಕ್ಕಿದೆ. ತಲೆಮಾರುಗಳ ಮಸಿ ಪದರ ಪದರವಾಗಿ ಎದ್ದು ಬಂದಂತೆ ಅದರ ನಡುವಿನ ಒಂದು ಮಗ್ಗುಲಿಗೆ ಏನೋ ಕೊರೆದದ್ದು ಕಂಡಿತು. ಇಂಗ್ಲಿಷಿನ ಅಂಕಿಗಳು. ಒಂದು, ಚುಕ್ಕೆ, ಎರಡು, ಚುಕ್ಕೆ, ಹದಿನಾಲ್ಕು. ಮನೆಯಲ್ಲಿ ಆ ಅಂಕಿ ಬಲ್ಲವಳು ನಾನೊಬ್ಬಳೇ. ನನ್ನ ಕೂಗಿಗೆ ಎಲ್ಲರೂ ಬಂದು ಬಗ್ಗಿ ನೋಡಿದರು. ಮುತ್ಯಾ ಹೆಬ್ಬೆರಳಿನಿಂದ ಅದನ್ನು ಸವರಿ, ‘ಸಾಕು, ಕುಂಕುಮ ಹಚ್ಚು’ ಎಂದಷ್ಟೇ ಅಂದ.

ಹಬ್ಬ ಕಳೆದು ನಾಲ್ಕು ದಿನಕ್ಕೆ ಜೀಪೊಂದು ಬಂತು. ಮಲಪ್ರಭೆಯ ಕಾಲುವೆಗಾಗಿ ಅಳತೆ ಮಾಡುತ್ತಿದ್ದವರ ಪೈಕಿ ಒಬ್ಬ, ಖಾಕಿ ಪ್ಯಾಂಟು ಹಾಕಿದ ಸಾಹೇಬ, ಮುರಿದ ಗೂಟವೊಂದನ್ನು ಬೆಸೆಸಿಕೊಳ್ಳಲು ಬಂದಿದ್ದ. ಕೆಲಸ ಆಗುವಷ್ಟರಲ್ಲಿ ಅವನ ಕಣ್ಣು ಅಡಿಗಲ್ಲಿನ ಮೇಲೆ ಬಿತ್ತು. ಸಣ್ಣ ಸುತ್ತಿಗೆ ಇಸಿದುಕೊಂಡು ಮೆಲ್ಲಗೆ ತಟ್ಟಿ, ತಲೆ ವಾರೆ ಮಾಡಿ ಆಲಿಸಿದ. ಮೇಲಿನ ಚೌಕ ತೂತಿನಲ್ಲಿ ಬೆರಳು ಹಾಕಿದ. ಅಂಕಿಗಳನ್ನು ನೋಡಿ ಪುಸ್ತಕದಲ್ಲಿ ಬರೆದುಕೊಂಡ. ‘ಇದು ನಿಮಗ ಎಲ್ಲಿ ಸಿಕ್ತು ಅಜ್ಜಾರ? ಹಿಂದಿನ ಮಾಲಕರು ಯಾರ್ರಿ?’ ಎಂದು ಕೇಳಿದ. ಮುತ್ಯಾ ಬೆಸೆದ ಗೂಟವನ್ನು ಅವನ ಕೈಗಿಟ್ಟ. ‘ಮುಂದಿನ ವಾರ ಬರ್ತೇನ್ರಿ, ಇನ್ನೊಬ್ರನ್ನ ಕರಕೊಂಡು’ ಎಂದು ಹೇಳಿ ಜೀಪು ಹತ್ತಿದ. ಬಾಗಿಲ ಸಂದಿಯಲ್ಲಿ ಅಮ್ಮ ನಿಂತಿದ್ದಳು. ಖಾಕಿ ಬಟ್ಟೆ, ಬರೆದುಕೊಂಡದ್ದು, ಇನ್ನೊಬ್ಬರನ್ನು ಕರೆತರುವ ಮಾತು, ಎಲ್ಲವನ್ನೂ ಅವಳು ನೋಡಿದ್ದಳು, ಕೇಳಿದ್ದಳು.

ಅವತ್ತು ಸಂಜೆ ನನ್ನ ಜಡೆ ಹಾಕುತ್ತ ಅಮ್ಮ ಮೆಲ್ಲಗೆ ಕೇಳಿದಳು: ‘ಗಂಗವ್ವಾ, ಅದರ ಮ್ಯಾಲ ಏನ್ ಬರದೈತಿ ಖರೇ ಹೇಳು.’ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಮನೆಯಲ್ಲಿ ಓದು ಬಲ್ಲವಳೆಂಬ ಸೊಕ್ಕು ನನಗೆ. ಗದಗಿನ ಸ್ಟೇಶನ್ನಿನಲ್ಲಿ ಒಮ್ಮೆ ರೈಲಿನ ಡಬ್ಬಿಗಳ ಮೇಲೆ ಅಂಥ ಅಂಕಿಗಳನ್ನು ನೋಡಿದ್ದೆ. ‘ಅದು ಸರಕಾರದ ನಂಬರು ಅಮ್ಮ. ರೈಲಿನ ಮ್ಯಾಲೂ ಹಿಂಗ ಬರದಿರ್ತಾರ’ ಎಂದುಬಿಟ್ಟೆ. ಜಡೆ ಹೆಣೆಯುತ್ತಿದ್ದ ಬೆರಳುಗಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೆಣೆಯತೊಡಗಿದವು, ಬಿಗಿಯಾಗಿ, ತಲೆ ನೋಯುವ ಹಾಗೆ.

ಆ ವಾರವೇ ಅಸೂಟಿಯಲ್ಲಿ ಮುತ್ಯಾನ ತಂಗಿಯ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳದ ಕಾರ್ಯವಿತ್ತು. ಮುತ್ಯಾ, ಅಪ್ಪ, ನಾನು ಬೆಳಿಗ್ಗೆಯೇ ಬಂಡಿಯಲ್ಲಿ ಹೋದೆವು. ಅಮ್ಮ ಮೈ ಬೆಚ್ಚಗಿದೆ ಎಂದು ಉಳಿದಳು, ಅವಳನ್ನು ನೋಡಿಕೊಳ್ಳಲು ಅವ್ವ ಉಳಿದಳು. ಕಾಕಾ ರೋಣಕ್ಕೆ ಹೋಗಿ ನೇಗಿಲ ಕುಳ ಕೊಟ್ಟು ಬರುತ್ತೇನೆ ಎಂದು ಚೀಲ ಹೊತ್ತು ಹೊರಟಿದ್ದ. ನಾವು ದೀಪ ಹಚ್ಚುವ ಮುಂಚೆ ಹಿಂದಿರುಗಿದೆವು. ಬಂಡಿಯಿಂದ ಇಳಿದ ಮುತ್ಯಾ ಎಂದಿನಂತೆ ಮೊದಲು ಕುಲುಮೆಗೆ ಹೋದ. ಅಲ್ಲಿಂದ ಬಂದ ಸದ್ದು ಮನುಷ್ಯರ ಕೂಗಿನ ಹಾಗಿರಲಿಲ್ಲ. ಓಡಿಹೋಗಿ ನೋಡಿದರೆ ಹುಣಸೆಯ ಬೊಡ್ಡೆ ಬೋಳಾಗಿ ನಿಂತಿತ್ತು. ಅದರ ಮೇಲೆ ಅಡಿಗಲ್ಲಿನ ಪಾದಗಳ ಗುರುತು, ಕಿತ್ತ ಮೊಳೆಗಳ ನಾಲ್ಕು ತೂತು. ನಮ್ಮ ಮನೆಯ ದೇವರನ್ನು ಯಾರೋ ಎತ್ತಿಕೊಂಡು ಹೋದಂತಿತ್ತು. ಅಮ್ಮ ಒಳಗೆ ಕಂಬಳಿ ಹೊದ್ದು ಮಲಗಿದ್ದಳು. ತನಗೆ ಏನೂ ಕೇಳಿಸಲಿಲ್ಲ ಎಂದಳು. ಅವ್ವ ತಾನು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದೆ ಎಂದಳು.

ಕೊನೆಯ ಬಸ್ಸಿಗೆ ಕಾಕಾ ಬಂದ. ಏನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಗುತ್ತಲೇ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟ. ಒಳಗೆ ಎರಡು ಕೆಂಪು ರಿಬ್ಬನ್ನು. ‘ಎಲ್ಲಿ ಹೋಗಿದ್ದಿಲೇ?’ ಎಂದು ಮುತ್ಯಾ ಕೇಳಿದ. ‘ರೋಣಕ್ಕ. ಹೇಳೇ ಹೋಗಿದ್ನೆಲ್ಲ’ ಎಂದ ಕಾಕಾ. ನನಗೆ ಆಗ ಕಂಡ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ರಿಬ್ಬನ್ನು ಸುತ್ತಿದ್ದ ಕಾಗದದ ಮೇಲಿನ ಅಚ್ಚಿನ ಅಕ್ಷರವನ್ನು ಓದಿದೆ: ‘ಬಳೆ ಮತ್ತು ಶೃಂಗಾರ ಸಾಮಾನಿನ ಅಂಗಡಿ, ಗಜೇಂದ್ರಗಡ.’ ಎಲ್ಲರೂ ಕಾಕಾನ ಕಡೆ ತಿರುಗಿದರು. ‘ಗಜೇಂದ್ರಗಡಕ್ಕ ಹೋಗಿ ರೋಣ ಅಂತ ಯಾಕ ಹೇಳ್ತಿ?’ ಎಂದು ಅಪ್ಪ ಕೇಳಿದ. ಕಾಕಾನ ಮುಖ ಇಳಿಯಿತು. ‘ಜಾಗಾ ನೋಡಾಕ ಹೋಗಿದ್ದೆ. ಬ್ಯಾರೆ ಕುಲುಮಿ ಹಾಕಬೇಕಂತ ಮಾಡೇನಿ. ಮೊದಲ ಹೇಳಿದ್ರ ಬೈತೀರಂತ ಹೇಳ್ಲಿಲ್ಲ’ ಎಂದ. ಮುತ್ಯಾ ಅವನ ಹತ್ತಿರ ಬಂದ. ‘ಕುಲುಮಿ ಹಾಕಾಕ ಅಡಿಗಲ್ಲು ಬೇಕಲ್ಲಪಾ’ ಎಂದ. ಬೈಗುಳವೂ ಅಲ್ಲ, ಏಟೂ ಅಲ್ಲ. ಆ ಒಂದು ಮಾತು ಸಾಕಾಯಿತು. ಕಾಕಾ ಅಪ್ಪನ ಮುಖ ನೋಡಿದ, ತನ್ನ ಪರವಾಗಿ ಏನಾದರೂ ಹೇಳುತ್ತಾನೇನೋ ಎಂದು. ಅಪ್ಪ ನೆಲ ನೋಡಿದ. ಕಾಕಾ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಾಕಾ ತನ್ನ ಒಂದು ಸುತ್ತಿಗೆ, ಒಂದು ಇಕ್ಕಳವನ್ನಷ್ಟೇ ತೆಗೆದುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದ. ಅಮ್ಮ ರೊಟ್ಟಿಯ ಗಂಟು ಹಿಡಿದು ಅವನ ಹಿಂದೆ ಓಡಿದ್ದಳು. ಗಂಟಿನ ಸಮೇತ ಹಿಂದೆ ಬಂದಳು. ಆ ರಿಬ್ಬನ್ನನ್ನು ನಾನು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಮಾತಿಗೆ ಮೊದಲು ಎಲ್ಲರೂ ಒಮ್ಮೆ ಹಿಂದೆ ನೋಡಿಕೊಳ್ಳುವಂತಾಯಿತು. ಮುತ್ಯಾ ಗದಗಿನಿಂದ ಬೇರೆ ಅಡಿಗಲ್ಲು ತಂದ. ಅದಕ್ಕೆ ದನಿಯೇ ಇರಲಿಲ್ಲ, ಬಡಿದರೆ ಹಸಿ ಮಣ್ಣಿಗೆ ಬಡಿದ ಹಾಗೆ ದಬ್ ಎನ್ನುತ್ತಿತ್ತು. ಬೆಳಗಿನ ಸದ್ದು ಹೋಯಿತು, ಅದರ ಹಿಂದೆಯೇ ಗಿರಾಕಿಗಳೂ ಹೋದರು. ನಾನೂ ಎಲ್ಲರನ್ನೂ ಅನುಮಾನಿಸುವುದನ್ನು ಕಲಿತೆ. ಖಾಕಿ ಪ್ಯಾಂಟಿನ ಸಾಹೇಬ ಕದ್ದನೆಂದು ಒಂದು ದಿನ, ಅಪ್ಪನೇ ಮಾರಿದನೆಂದು ಒಂದು ದಿನ. ಮುಂದಿನ ವಾರ ಬರುತ್ತೇನೆ ಎಂದ ಆ ಸಾಹೇಬ ಬರಲೇ ಇಲ್ಲ. ಅಳತೆಯ ಕೆಲಸ ಹೊಳೆಮಣ್ಣೂರಿನ ಕಡೆ ಹೋಯಿತಂತೆ. ಅಮ್ಮನ ಅಂಗೈ ಚರ್ಮ ಕಿತ್ತುಹೋಗಿದ್ದನ್ನು ನಾನು ನೋಡಿದ್ದೆ. ಹಂಚು ತಗಲಿತು ಎಂದಿದ್ದಳು. ನಂಬಿದ್ದೆ. ಎಲ್ಲರನ್ನೂ ಅನುಮಾನಿಸಿದ ನಾನು ಅವಳೊಬ್ಬಳನ್ನು ನಂಬಿದ್ದೆ.

ಮುತ್ಯಾ ಸತ್ತಾಗ ಕಾಕಾ ಬಂದ. ಅಂಗಳದ ಅಂಚಿನಲ್ಲಿ ನಿಂತು, ಮಣ್ಣು ಹಾಕಿ, ನೀರು ಕೂಡ ಕುಡಿಯದೆ ಹೋದ. ಅಪ್ಪ ಮಾತಾಡಿಸಲಿಲ್ಲ. ಅಣ್ಣನೇ ಯಾರ ಕೈಯಿಂದಲೋ ಅಡಿಗಲ್ಲನ್ನು ಸಾಗಿಸಿ ತಪ್ಪು ತನ್ನ ಮೇಲೆ ಹೊರಿಸಿದನೆಂದು ಕಾಕಾ ಗಜೇಂದ್ರಗಡದಲ್ಲಿ ಹೇಳಿಕೊಳ್ಳುತ್ತಾನೆ ಎಂಬ ಸುದ್ದಿ ಅಪ್ಪನ ಕಿವಿಗೂ ಬಂದಿತ್ತು. ಅಮ್ಮ ಹಾಸಿಗೆ ಹಿಡಿದಾಗ ಮತ್ತೊಮ್ಮೆ ಬಂದ. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಮ್ಮ ‘ತಪ್ಪಾತ ಯಪ್ಪಾ’ ಎಂದಳು. ಗಂಡ ಆಡಿದ ಮಾತಿಗೆ ಕ್ಷಮೆ ಕೇಳುತ್ತಿದ್ದಾಳೆಂದು ನಾವೆಲ್ಲ ತಿಳಿದೆವು. ಅಪ್ಪ ಹೋದಾಗ ಮಾತ್ರ ಕಾಕಾ ಬರಲಿಲ್ಲ. ಅವ್ವನನ್ನು ನಾನು ರೋಣಕ್ಕೆ ಕರೆತಂದೆ. ಜಕ್ಕಲಿಯ ಕುಲುಮೆಯ ಮಾಡು ಒಂದು ಮಳೆಗೆ ಕುಸಿಯಿತು, ಮುಂದಿನ ಮಳೆಗೆ ಗೋಡೆ.

ನರಗುಂದದಲ್ಲಿ ನಾನು ಬಸ್ಸು ತಪ್ಪಿಸಿಕೊಂಡು ಬಂದ ಆ ಸಂಜೆ ಅವ್ವನಿಗೆ ಒಂದು ಸುದ್ದಿ ಹೇಳಬೇಕಿತ್ತು. ಜಕ್ಕಲಿಯ ಹಿತ್ತಲನ್ನು ಪಕ್ಕದ ಮನೆಯವರು ಕೊಂಡಿದ್ದರು, ಪಾಯ ತೆಗೆಯಲು ಜೆಸಿಬಿ ತರಿಸುವವರಿದ್ದರು. ಅವ್ವ ಕೇಳಿದ ಕೂಡಲೆ ಎದ್ದು ಕುಳಿತಳು. ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. ‘ಹಳೇ ಹಗೇವಿನ ಕಡೆ ತೋಡಬ್ಯಾಡಂತ ಹೇಳ್ ಅವರಿಗೆ’ ಎಂದಳು. ಹಗೇವು ಅಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದ ಒಳಗಿನ ಕಣಜ. ಹಾವು ಸೇರಿದೆ ಎಂದು ಅಮ್ಮ ಅದರ ಬಾಯಿ ಮುಚ್ಚಿಸಿ ಮೇಲೆ ಕುಳ್ಳು ಒಟ್ಟಿದ್ದಳು. ‘ಯಾಕವ್ವಾ?’ ಎಂದೆ. ಅವ್ವ ಗೋಡೆಯ ಕಡೆ ತಿರುಗಿದಳು. ಗೋಡೆಗೆ ಹೇಳುವಂತೆ ಹೇಳಿದಳು: ‘ಅಡಿಗಲ್ಲು ಅಲ್ಲೈತಿ. ನಾನೂ ಅತ್ತೀನೂ ಹಾರಿಯಿಂದ ಮೀಟಿ, ಗೋಣಿತಟ್ಟಿನ ಮ್ಯಾಲ ಎಳಕೊಂಡು ಹೋಗಿ ಕೆಡವಿದ್ವಿ. ಪೊಲೀಸರು ಬಂದು ನಿಮ್ಮ ಮುತ್ಯಾನ್ನ ಒಯ್ತಾರಂತ ಅತ್ತಿ ನಡಗಾಕ ಹತ್ತಿದ್ರು. ನಿಮ್ಮ ಮುತ್ಯಾಗ ಹೇಳಿದ್ರ ಸಿಟ್ಟಿಲೆ ಮತ್ತ ತಗದು ಇಡ್ತಿದ್ರು.’ ‘ಕಾಕಾನ ಮ್ಯಾಲ ಬಂದಾಗರ ಹೇಳಬೇಕಿತ್ತಲ್ಲ’ ಎಂದೆ. ‘ನಿನ್ನ ತಲಿ ಮುಟ್ಟಿಸಿ ಆಣಿ ಹಾಕಿಸಿದ್ರು. ನೀ ನನಗ ಒಬ್ಬಾಕಿ. ನಾಕ ದಿನ ಹೋದ್ರ ಅಂವ ತಿರುಗಿ ಬರ್ತಾನ ಅಂದ್ರು. ಬರಲಿಲ್ಲ. ಆಮ್ಯಾಲ ಹ್ಯಾಂಗ ಹೇಳೂದು? ದಿನಾ ಹೋದಂಗ ಬಾಯಿ ಬರಲಿಲ್ಲ ನನಗ.’

ಹಗೇವಿನ ಕಡೆಯೇ ಮೊದಲು ತೋಡಲು ನಾನೇ ಹೇಳಿದೆ. ಜೆಸಿಬಿಯ ಹಲ್ಲಿಗೆ ಅದು ಸಿಕ್ಕಾಗ ನಾನು ಅಲ್ಲೇ ನಿಂತಿದ್ದೆ. ಮಣ್ಣಿನ ಮುದ್ದೆಯಾಗಿ ಹೊರಬಂತು. ನರಗುಂದದಲ್ಲಿ ನನಗೆ ಪರಿಚಯದ, ವರ್ಕ್‌ಶಾಪು ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರನ್ನು ಕರೆಸಿದೆ. ಅವರು ತಂತಿ ಬ್ರಶ್ಶಿನಿಂದ ತಿಕ್ಕಿ, ಅಂಕಿಗಳ ಮೇಲೆ ಸೀಮೆಸುಣ್ಣ ಸವರಿದರು. ಸುತ್ತಿಗೆಯಿಂದ ತಟ್ಟಿದರು. ಐವತ್ತಕ್ಕೂ ಹೆಚ್ಚು ವರ್ಷ ನೆಲದಲ್ಲಿ ಹೂತಿದ್ದರೂ ಝೇಂ ಎಂದಿತು. ಮೇಲೆ ಬೇರಿಂಗಿನ ಗುಂಡೊಂದನ್ನು ಬಿಟ್ಟರು, ಅದು ಚೆಂಡಿನಂತೆ ಪುಟಿಯಿತು. ‘ಮೈ ಮೆತ್ತನೆ ಕಬ್ಬಿಣ, ಮುಖಕ್ಕ ಉಕ್ಕು ಬೆಸದಾರ. ಇಂಗ್ಲೆಂಡಿನ ಕೆಲಸ’ ಎಂದರು. ಮೇಲ್ಭಾಗದಲ್ಲಿ ಚೌಕ ತೂತಿನ ಪಕ್ಕ ಬೆರಳಿಟ್ಟು ತೋರಿಸಿದರು. ‘ಈಚಿನವುಕ್ಕ ಇಲ್ಲಿ ಇನ್ನೊಂದು ದುಂಡು ತೂತು ಇರ್ತೈತ್ರಿ. ಇದಕ್ಕಿಲ್ಲ. ಹಂಗಂದ್ರ ಭಾಳ ಹಳೇದು. ನಮ್ಮ ಕಡೆ ರೈಲು ಬರೂಕಿಂತ ಮೊದಲಿಂದ ಇದ್ದೀತು.’ ‘ಈ ನಂಬರು ಸರಕಾರದ್ದೇನ್ರಿ?’ ಎಂದು ಕೇಳಿದೆ. ಮಾಸ್ತರರು ನಕ್ಕರು. ‘ನಂಬರ್ ಅಲ್ರಿ ಟೀಚರ, ತೂಕ. ಹಳೇ ಇಂಗ್ಲಿಷ್ ಅಳತಿ. ಮೊದಲಿನ ಒಂದಕ್ಕ ನೂರಾ ಹನ್ನೆರಡು ಪೌಂಡು, ನಡುವಿಂದು ಇಪ್ಪತ್ತೆಂಟರಂಗ ಎರಡು, ಕಡೀದು ಬಿಡಿ ಪೌಂಡು. ನೀವ ಕೂಡಿಸ್ರಿ.’ ನೂರಾ ಎಂಬತ್ತೆರಡು. ಜೀವನವಿಡೀ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟೆ. ‘ರೈಲ್ವೆದ್ದಾಗಿದ್ರ ಅವರ ಅಕ್ಷರ ಇರ್ತಿದ್ವು. ಒಂದೂ ಇಲ್ಲ ನೋಡ್ರಿ’ ಎಂದು ಮಾಸ್ತರರು ಇನ್ನೂ ಹೇಳುತ್ತಲೇ ಇದ್ದರು. ಮುತ್ಯಾನ ಅಪ್ಪ ಕಳ್ಳನಿರಲಿಕ್ಕಿಲ್ಲ. ಮುತ್ಯಾನೂ ಅಲ್ಲ, ಕಾಕಾನೂ ಅಲ್ಲ, ಅಪ್ಪನೂ ಅಲ್ಲ. ಇದನ್ನು ಕೇಳಬೇಕಾದವರಲ್ಲಿ ಒಬ್ಬ ಮಾತ್ರ ಉಳಿದಿದ್ದ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಾಕಾನ ಸಣ್ಣ ಅಂಗಡಿ. ಮಗ್ಗಗಳ ಕಬ್ಬಿಣದ ಭಾಗ ಸರಿಮಾಡಿಕೊಡುತ್ತ ಆಯುಷ್ಯ ಕಳೆದಿದ್ದ. ಈಗ ಕೈ ನಡುಗುತ್ತದೆ, ಬಾಗಿಲಲ್ಲಿ ಕುಳಿತು ಮಗ್ಗದ ಸದ್ದು ಕೇಳುತ್ತಿರುತ್ತಾನೆ. ನನ್ನನ್ನು ನೋಡಿ ಮೊದಲು ಅವನ ಹುಬ್ಬು ಗಂಟಿಕ್ಕಿತು, ಯಾವ ಕೆಲಸಕ್ಕೆ ಬಂದಳಿವಳು ಎಂದು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅಂಕಿ ಓದಿದ್ದು ನಾನು ಎಂಬುದನ್ನೂ, ಕಾಗದ ಓದಿದ್ದೂ ನಾನು ಎಂಬುದನ್ನೂ. ಮುಗಿದ ಮೇಲೆ ‘ಅವ್ವ’ ಎಂದ, ತನ್ನ ತಾಯಿಯನ್ನು ಕರೆಯುವ ಹಾಗೆ. ಆಮೇಲೆ ‘ನಾ ಅಣ್ಣನ ಮ್ಯಾಲ ಸಂಶೇ ಪಟ್ಟಿದ್ದೆ ಗಂಗವ್ವಾ. ಮಣ್ಣಿಗೂ ಹೋಗ್ಲಿಲ್ಲ’ ಎಂದ. ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಟವೆಲ್ಲು ತೆಗೆದಾಗ ಕಣ್ಣು ಕೆಂಪಗಿದ್ದವು, ನೋಟ ಮಾತ್ರ ಮುತ್ಯಾನದೇ. ‘ಅಣ್ಣ ನನ್ನ ನಂಬಿದ್ನೇನು ಕಡೀಕರ?’ ಎಂದು ಕೇಳಿದ. ಅಪ್ಪ ನಂಬಿರಲಿಲ್ಲ. ಸಾಯುವ ವಾರವೂ ‘ಅಂವನ ಕೆಲಸ ಅದು’ ಎಂದೇ ಹೇಳಿದ್ದ. ‘ನಂಬಿದ್ದ ಕಾಕಾ’ ಎಂದೆ. ‘ಖರೇ?’ ‘ಖರೇ.’

ಮರುದಿನ ಅವನು ನನ್ನ ಜೊತೆ ರೋಣಕ್ಕೆ ಬಂದ. ಅಣ್ಣನ ಹೆಂಡತಿಯ ಮುಂದೆ ಬಂದು ನೆಲದ ಮೇಲೆ ಕುಳಿತ. ಅವ್ವ ಮಂಜುಗಣ್ಣಿನಿಂದ ‘ಯಾರು?’ ಎಂದಳು. ‘ನಾನ್ರಿ ವೈನಿ, ಕಳಕಪ್ಪ.’ ಅವ್ವನ ಕೈ ಹಾಸಿಗೆಯ ಅಂಚನ್ನು ಹಿಡಿಯಿತು. ಕ್ಷಮಿಸು ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ, ಅವನೂ ಕೇಳಲಿಲ್ಲ. ‘ಊಟ ಮಾಡ್ತಿ?’ ಎಂದಳು. ‘ಮಾಡ್ತೇನ್ರಿ’ ಎಂದ. ನಾನು ಇಬ್ಬರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ. ಮೊದಲ ತುತ್ತು ಮುರಿದವನು ಕೈ ನಿಲ್ಲಿಸಿ, ನನ್ನ ಕಡೆ ನೋಡದೆ, ಅದೇ ಪ್ರಶ್ನೆಯನ್ನು ಅವ್ವನಿಗೆ ಕೇಳಿದ: ‘ಅಣ್ಣ ನನ್ನ ನಂಬಿದ್ನೇನ್ರಿ ವೈನಿ?’ ನನ್ನ ಕೈಯಲ್ಲಿ ಸವಟು ಹಾಗೇ ನಿಂತಿತು. ಅವ್ವನಿಗೆ ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ.

‘ಇಲ್ಲಪಾ, ನಂಬಲಿಲ್ಲ’ ಎಂದಳು ಅವ್ವ. ‘ಆದ್ರ ಗಜೇಂದ್ರಗಡದಿಂದ ಯಾರರ ಬಂದ್ರ ಸಾಕು, ನಿಮ್ಮಣ್ಣಾರು ಅಡ್ಡಗಟ್ಟಿ ನಿಂತು ಕೇಳೋರು, ಕಳಕಪ್ಪ ಹ್ಯಾಂಗದಾನ, ಊಟಕ್ಕ ಚಲೋ ಐತೇನು ಅಂತ. ಕೇಳಿ ಬಂದು ನನ್ನ ಮುಂದ ಹೇಳೋರು. ನಾ ಒಲಿ ಊದಿಕೋತ ಕುಂದರ್ತಿದ್ದೆ.’

ಕಾಕಾ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಆಮೇಲೆ ‘ಇನ್ನೊಂದು ರೊಟ್ಟಿ ಹಾಕವಾ’ ಎಂದ.